ಹಿತ್ತಲಿನಲ್ಲಿ ಸೇದುವವನು

ಹರವೆ ಊರಿನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಅದರಲ್ಲಿ ತಪ್ಪದೆ ಸೇರಬೇಕಾದ ಘಟನೆಯೊಂದು ಈ ಸಲದ ಶಿವರಾತ್ರಿಗೆ ಮುಂಚಿನ ಒಂದು ಸೋಮವಾರ, ಕಾಫಿಗಿಟ್ಟ ನೀರು ಇನ್ನೂ ಕುದಿ ಬರುವ ಮೊದಲೇ ನಡೆದುಹೋಯಿತು. ಪುಟ್ಟಮಾದಯ್ಯನ ಕೆಮ್ಮನ್ನು ಅವನ ಒಡಹುಟ್ಟಿದ ಅಕ್ಕ ಗುರುಮಲ್ಲಮ್ಮ ಗುರುತು ಹಿಡಿಯಲಿಲ್ಲ.

ಹೊರಗಿನವರಿಗೆ ಇದೊಂದು ವಿಷಯವೇ ಅಲ್ಲ. ಆದರೆ ಅವರ ಬೀದಿಯಲ್ಲಿ ಗಂಡಸು ಯಾವನೇ ಆಗಲಿ, ಹೊಸ್ತಿಲು ದಾಟುವ ಮುಂಚೆ ಜಗಲಿಯ ಮೇಲೆ ನಿಂತು ಒಮ್ಮೆ ಕೆಮ್ಮಬೇಕು. ಒಳಗೆ ಹೆಂಗಸರು ತಲೆ ಬಾಚಿಕೊಳ್ಳುತ್ತಿರಬಹುದು, ಸೆರಗು ಜಾರಿರಬಹುದು, ಅಥವಾ ಬರುವವನ ಬಗ್ಗೆಯೇ ಏನಾದರೂ ಆಡಿಕೊಳ್ಳುತ್ತಿರಬಹುದು. ಸುಧಾರಿಸಿಕೊಳ್ಳಲು ಒಂದು ಕೆಮ್ಮಿನಷ್ಟು ಅವಕಾಶ ಕೊಡುವುದು ಮರ್ಯಾದೆ. ಕರೆಗಂಟೆ ಹಾಕಿಸಿದ ಮನೆಗಳಲ್ಲೂ ಮೊದಲು ಕೆಮ್ಮಿ ಆಮೇಲೆ ಗಂಟೆ ಒತ್ತುತ್ತಾರೆ. ಹೀಗಾಗಿ ಒಬ್ಬೊಬ್ಬನ ಕೆಮ್ಮು ಅವನ ಹೆಸರಿನಷ್ಟೇ ಅವನದು. ಅಂಗಡಿ ಚೆಲುವಯ್ಯನದು ಪಂಪ್‌ಸೆಟ್ ಹಿಡಿಯಲೋ ಬೇಡವೋ ಎಂದು ಯೋಚಿಸಿದ ಹಾಗೆ. ಎದುರುಮನೆ ಮರಿಮಲ್ಲಪ್ಪನದು ಹೆಣ್ಣು ನೋಡಲು ಬಂದವನ ಹಾಗೆ. ಕೆಮ್ಮಿದನೋ ಕ್ಷಮೆ ಕೇಳಿದನೋ ತಿಳಿಯದು.

ಗುರುಮಲ್ಲಮ್ಮನಿಗೆ ಎಪ್ಪತ್ತೆರಡು ತುಂಬಿದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಳೆ. ಇನ್ನೊಂದನ್ನು ‘ಎಲ್ಲಾನೂ ನೋಡಿ ಏನಾಗ್ಬೇಕು ಬುಡು’ ಎಂದು ಹಾಗೇ ಬಿಟ್ಟಿದ್ದಾಳೆ. ಕಿವಿಗೆ ಮಾತ್ರ ವಯಸ್ಸಾಗಿಲ್ಲ. ಅಡುಗೆಮನೆಯಲ್ಲಿ ಬೆನ್ನು ಹಾಕಿ ಕುಳಿತೇ ಬೀದಿಯ ಗಂಡಸರ ಹಾಜರಿಯನ್ನು ಕೆಮ್ಮಿನಿಂದ ತೆಗೆದುಕೊಳ್ಳುತ್ತಾಳೆ. ಅದರಲ್ಲೂ ತಮ್ಮನ ಕೆಮ್ಮು: ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಗಂಟಲೊಳಗೆ ಮುದ್ದೆ ತಿರುವಿದಂಥ ಒಂದು ಕಫದ ಸದ್ದು. ಇದು ಕೇಳಿಸಿದ ಕೂಡಲೇ ಕಾಫಿಗೆ ಇನ್ನೊಂದು ಚಮಚ ಬೆಲ್ಲ ಬೀಳುತ್ತದೆ. ಪಕ್ಕದಲ್ಲೇ ಹೊಸ ಆರ್‌ಸಿಸಿ ಮನೆ ಕಟ್ಟಿಕೊಂಡು ಹೆಂಡತಿ ಕುಮಾರಿಯೊಡನೆ ಇರುವ ತಮ್ಮ, ಬೆಳಗಿನ ಕಾಫಿಗೆ ಮಾತ್ರ ಹಳೆಮನೆಗೆ ಅಕ್ಕನ ಹತ್ತಿರವೇ ಬರಬೇಕು. ಕುಮಾರಿಯ ಕಾಫಿ ಚೆನ್ನಾಗಿಲ್ಲವೆಂದಲ್ಲ. ಹಾಗೆ ಯಾರೂ ಜೋರಾಗಿ ಹೇಳಿಲ್ಲ.

ಆ ಸೋಮವಾರ ಜಗಲಿಯ ಮೇಲೆ ಕೇಳಿಸಿದ್ದು ಒಣ ಕೆಮ್ಮು. ತಗಡಿನ ಡಬ್ಬಿಗೆ ಯಾರೋ ಬೆರಳ ಗೆಣ್ಣಿನಿಂದ ಕುಟ್ಟುತ್ತಿರುವ ಹಾಗೆ, ಕುಟ್ಟಿದವನಿಗೆ ನಿಲ್ಲಿಸುವುದು ಮರೆತುಹೋದ ಹಾಗೆ.

“ಯಾರಪ್ಪಾ ಅದು?” ಎಂದಳು ಗುರುಮಲ್ಲಮ್ಮ.

“ನಾನು ಕಣಕ್ಕ.”

“ನಾನು ಅಂದ್ರೆ ಯಾರು?”

“ಪುಟ್ಟ ಕಣಕ್ಕ. ಇಷ್ಟೊತ್ಗೆ ನಿನ್ ಮನೆಗೆ ಇನ್ಯಾರ್ ಬಂದರು, ಡಿಸಿ ಸಾಯೇಬ್ರು ಬಂದರಾ?”

“ಅದು ನಿನ್ ಕೆಮ್ಮಲ್ಲ ಕಣ್ಲಾ.”

“ಕೆಮ್ಮುನಾಗೂ ನಂದು ನಿಂದು ಅಂತ ಭಾಗ ಅದಾ? ಕಾಫಿ ಕೊಡಕ್ಕ.”

ಕಾಫಿ ಕೊಟ್ಟಳು. ಅವನು ಎರಡು ಗುಟುಕು ಕುಡಿದು ಮತ್ತೆ ಡಬ್ಬಿ ಕುಟ್ಟತೊಡಗಿದ. ಲೋಟ ಹಿಡಿದ ಕೈ ನೋಡಿದಳು, ಆಪರೇಷನ್ ಆದ ಕಣ್ಣಿನಿಂದ. ಮಣಿಕಟ್ಟು ಸಣ್ಣಗಾಗಿತ್ತು.

ಇದಕ್ಕೆ ಅವಳು ಮೊದಲು ಕಂಡುಕೊಂಡ ಕಾರಣ ಹೊಸಮನೆಯ ಸಿಮೆಂಟ್ ವಾಸನೆ. ಎರಡನೆಯದು ದೃಷ್ಟಿ, ಹೋದ ವರ್ಷ ಅರಿಶಿನ ಚೆನ್ನಾಗಿ ಬಂದಿತ್ತು, ನೋಡಿದವರೆಲ್ಲ ‘ಬುಡಪ್ಪ, ನಿನ್ಗೇನು’ ಎಂದಿದ್ದರು. ಮೂರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದರ ಘಾಟಿಗೆ ಮನೆಯವರೆಲ್ಲ ಕೆಮ್ಮಿದ್ದರಿಂದ ತಮ್ಮನದು ಯಾವುದೆಂದು ತಿಳಿಯದೆ ಪರೀಕ್ಷೆ ವಿಫಲವಾಯಿತು. ಊರಿನ ಒಟ್ಟು ಅಭಿಪ್ರಾಯ ಮಾತ್ರ ಅರಿಶಿನದ ಧೂಳು ಎಂದಿತ್ತು. ಬೇಯಿಸಿ ಒಣಗಿಸಿದ ಕೊಂಬನ್ನು ಪಾಲಿಶ್ ಡ್ರಮ್ಮಿಗೆ ಹಾಕಿ ತಿರುಗಿಸುವಾಗ ಏಳುವ ಹಳದಿ ಮೋಡದಲ್ಲಿ ನಿಂತವನು ಕೆಮ್ಮದಿದ್ದರೇ ವಿಚಿತ್ರ. ಆದರೆ ಊರಲ್ಲಿ ಪಾಲಿಶ್ ಶುರುವಾದದ್ದು ಈಗ. ಕುಮಾರಿ ಲೆಕ್ಕ ಹಾಕಿ ಹೇಳುವ ಪ್ರಕಾರ ಒಣ ಕೆಮ್ಮು ದಸರಾ ಹೊತ್ತಿಗೇ ಇತ್ತು, ಆದರೆ ರಾತ್ರಿ ಮಲಗಿದಾಗ ಮಾತ್ರ.

ಇಲ್ಲಿ ಬೀಡಿಯ ವಿಷಯ ಹೇಳಲೇಬೇಕು.

ಪುಟ್ಟಮಾದಯ್ಯ ಬೀಡಿ ಸೇದುತ್ತಾನೆ. ಇದು ಊರಿಗೆ ಗೊತ್ತು, ಕುಮಾರಿಗೆ ಗೊತ್ತು, ಅವನ ಎಮ್ಮೆಗೂ ಗೊತ್ತು. ಅಕ್ಕನಿಗೆ ಗೊತ್ತಿಲ್ಲ ಎಂಬುದೊಂದೇ ಅವನ ನಂಬಿಕೆ. ತಾಯಿ ಹೋದಾಗ ಅವನಿಗೆ ಎಂಟು ವರ್ಷ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಗುರುಮಲ್ಲಮ್ಮನೇ ಅವನನ್ನು ಸಾಕಿದಳು. ಅಂಥ ಅಕ್ಕನ ಮುಂದೆ ಬೀಡಿ ಸೇದುವುದೆಂದರೆ ದೇವರ ಮುಂದೆ ಕಾಲು ಚಾಚಿದ ಹಾಗೆ. ಅರವತ್ತು ದಾಟಿದ ಮೇಲೂ ಹಿತ್ತಲಿನ ಆಚೆ ಕೊನೆಗೆ ಹೋಗಿ ಹುಣಸೆಮರದ ಮರೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತೇ ಸೇದುತ್ತಾನೆ. ಚೆಲುವಯ್ಯನ ಅಂಗಡಿಯಲ್ಲಿ ಬೀಡಿ ಕಟ್ಟು ಕೈಗೆ ಬರುವ ಹೊತ್ತಿಗೆ ಅಕ್ಕ ಬೀದಿಯ ತುದಿಯಲ್ಲಿ ಕಂಡರೆ, ಚೆಲುವಯ್ಯ ಕಣ್ಣು ಮಿಟುಕಿಸದೆ ಅದನ್ನು ಕಡ್ಲೆಪಪ್ಪಿನ ಪೊಟ್ಟಣದೊಳಗೆ ಇಳಿಸಿ “ತಕ್ಕೊ, ಅಕ್ಕನಿಗೂ ಕೊಡು” ಎನ್ನುತ್ತಾನೆ.

ಗುರುಮಲ್ಲಮ್ಮನಿಗೆ ಗೊತ್ತಿತ್ತು. ಅವನ ಮೀಸೆ ಚಿಗುರಿದ ವರ್ಷದಿಂದಲೇ ಗೊತ್ತಿತ್ತು. ಗುಂಡ್ಲುಪೇಟೆಯ ಒಂದು ಮದುವೆಯಲ್ಲಿ ಛತ್ರದ ಹಿಂದೆ ಅವಳು ತಟ್ಟನೆ ಎದುರಾದಾಗ ಅವನು ಉರಿಯುವ ಬೀಡಿಯನ್ನೇ ಜೇಬಿಗಿಳಿಸಿ, ಎದೆ ಸುಡುತ್ತಿದ್ದರೂ ಹುಡುಗಿಯ ಕಡೆಯವರ ಊಟದ ಏರ್ಪಾಡನ್ನು ವಿವರವಾಗಿ ಹೊಗಳಿದ್ದ. ಪಟಾಕಿ ಕಿಡಿ ಬಿತ್ತು ಎಂದು ಆಮೇಲೆ ಹೇಳಿದ. ಹೌದೇನೋ ಎಂದು ಅವಳು ಆ ಜೇಬಿಗೆ ತೇಪೆ ಹಾಕಿಕೊಟ್ಟಳು. ಅವಳಿಗೆ ಗೊತ್ತಿದೆಯೆಂದು ಅವನಿಗೆ ಗೊತ್ತಾಗಬಾರದು. ಅದು ಅವಳ ಕಡೆಯ ಮರ್ಯಾದೆ. ಅತ್ತೆಮನೆಯಲ್ಲಿ ಮೂರು ವರ್ಷ ಅವಳಿಗಾಗಿ ಯಾರೂ ಕೂತ ಜಾಗದಿಂದ ಎದ್ದಿರಲಿಲ್ಲ. ಊರಲ್ಲಿ ವಿಧವೆ ಎಂದು ಶುಭಕ್ಕೆ ಕರೆಯುತ್ತಿರಲಿಲ್ಲ. ಲೋಕದಲ್ಲಿ ಒಬ್ಬನೇ ಒಬ್ಬ, ಅವಳ ನೆರಳು ಕಂಡರೆ ಬೆಂಕಿಯನ್ನು ಎದೆಗಿಟ್ಟುಕೊಳ್ಳುತ್ತಾನೆ. ಅಂಥದ್ದನ್ನು ‘ಗೊತ್ತು ಬುಡ್ಲಾ’ ಎಂಬ ಒಂದು ಮಾತಿಗೆ ಮಾರಿಕೊಳ್ಳುವಷ್ಟು ದಡ್ಡಿ ಅವಳಲ್ಲ.

ಹೀಗಿರುವಾಗ ಡಾಕ್ಟರ ಹತ್ತಿರ ಹೋಗುವ ಪ್ರಸಂಗ ಬಂತು.

ಮೊದಲು ಹೋದದ್ದು ಗುಂಡ್ಲುಪೇಟೆಗೆ, ಡಾಕ್ಟರ್ ಸುಧಾಕರ್ ಅವರ ಕ್ಲಿನಿಕ್ಕಿಗೆ. ಕಾರಣ, ಅವರ ಕೈಗುಣ. ಇನ್ನೊಂದು ಕಾರಣ, ಅಲ್ಲಿಗೆ ಹೋದರೆ ಬರುವಾಗ ಬಾಳೆಕಾಯಿಯ ಧಾರಣೆ ತಿಳಿದುಕೊಂಡು ಬರಬಹುದು. ತಮ್ಮನೊಡನೆ ಗುರುಮಲ್ಲಮ್ಮ ಹೊರಟಳು. ಅವನಿಗೆ ಜ್ವರ ಬಂದರೂ ಹಲ್ಲು ನೋವಾದರೂ ಮಾತಾಡುವವಳು ಅವಳೇ. ಬೆಂಚಿನ ಮೇಲೆ ಕೇರಳದ ಲಾರಿ ಡ್ರೈವರುಗಳಿಬ್ಬರ ನಡುವೆ ಕುಳಿತು ಸರದಿ ಕಾದರು. ಸುಧಾಕರ್ ಎದೆಗೆ ಸ್ಟೆತಾಸ್ಕೋಪ್ ಇಟ್ಟು, “ಬೀಡಿ, ಸಿಗರೇಟ್ ಏನಾದ್ರೂ ಉಂಟಾ?” ಎಂದರು.

ಪುಟ್ಟಮಾದಯ್ಯ ನೆಲ ನೋಡಿದ. ಅವನ ಕಿವಿಯ ತುದಿ ಕೆಂಪಾಯಿತು. ಅಕ್ಕನ ಎದುರಿಗೆ ಅವನು ಸುಳ್ಳು ಹೇಳಬೇಕಾಗಿ ಬಂದಿತ್ತು. ಅದನ್ನು ನೋಡಲಾರದೆ ಆ ಸುಳ್ಳನ್ನು ಗುರುಮಲ್ಲಮ್ಮ ತಾನೇ ಹೇಳಿಬಿಟ್ಟಳು.

“ನನ್ ತಮ್ಮನಾ ಸ್ವಾಮಿ? ಎಲಡಿಕೆ ಕೂಡ ಬಾಯಿಗಾಕ್ದೋನಲ್ಲ.”

ಡಾಕ್ಟರು ಬರೆದುಕೊಂಡರು. ಕಫ ಪರೀಕ್ಷೆ ಮಾಡಿಸಿದರು, ಕ್ಷಯ ಇಲ್ಲವೆಂದು ಬಂತು. ಮಾತ್ರೆ, ಸಿರಪ್ಪು ಕೊಟ್ಟು, “ಎರಡು ವಾರದಲ್ಲಿ ಕಮ್ಮಿ ಆಗದಿದ್ರೆ ಚಾಮರಾಜನಗರಕ್ಕೆ ಹೋಗಿ ಎದೆ ಫೋಟೋ ತೆಗೆಸ್ಬೇಕು” ಎಂದು ಎರಡು ಸಲ ಹೇಳಿದರು. ಪುಟ್ಟಮಾದಯ್ಯ ಎರಡು ಸಲವೂ ತಲೆಯಾಡಿಸಿದ. ಎರಡು ವಾರವಾದಾಗ ಅರಿಶಿನ ಬೇಯಿಸುವ ಕೊಪ್ಪರಿಗೆ ಅವನ ಸರದಿಗೆ ಬಂದಿತ್ತು. ಕೊಪ್ಪರಿಗೆ ಬಿಟ್ಟು ಎದೆ ಫೋಟೋಕ್ಕೆ ಹೋಗುವವರು ಆ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಕೊಪ್ಪರಿಗೆ ಇಳಿಸಿದ ಮೇಲೆ ಒಂದು ಮಧ್ಯಾಹ್ನ ಕುಮಾರಿ ಹಿತ್ತಲಿನಲ್ಲಿ ಗಂಡನ ಟವಲ್ಲು ಒಗೆಯುತ್ತಿದ್ದವಳು ಹಾಗೇ ಅದನ್ನು ಹಿಡಿದುಕೊಂಡು ಹಳೆಮನೆಗೆ ಬಂದಳು. ಕುಮಾರಿ ಮಾತು ಕಡಿಮೆಯವಳು. ಟವಲ್ಲಿನ ಮೂಲೆ ಬಿಡಿಸಿ ಹಿಡಿದಳು. ಕಫದೊಳಗೆ ಕೆಂಪು ನೂಲಿನಂಥ ಎಳೆಗಳಿದ್ದವು.

“ಯಾವತ್ತಿಂದ?” ಎಂದಳು ಗುರುಮಲ್ಲಮ್ಮ.

“ಗೊತ್ತಿಲ್ಲ ಅಕ್ಕ. ಟವಲ್ ಅವರೇ ಒಕ್ಕೊಂತಾವ್ರೆ ನಾಕು ದಿನದಿಂದ. ಮದ್ವೆಯಾದಾಗಿಂದ ಒಂದ್ ಕರ್ಚೀಫ್ ಒಗೆದೋರಲ್ಲ. ಅದಕ್ಕೇ ಇವತ್ತು ಕಿತ್ಕೊಂಡು ನೋಡ್ದೆ.”

“ಸೊಂಟದಾಗೆ ಉಡ್ದಾರ ನಿಲ್ತದಾ?”

“ಎರಡು ಸಲ ಬಿಗಿ ಮಾಡ್ಕೊಂಡವ್ರೆ.”

ಪುಟ್ಟಮಾದಯ್ಯನನ್ನು ಕರೆಸಿ ಟವಲ್ಲು ತೋರಿಸಿದರು. ವಸಡಿನ ರಕ್ತ ಎಂದ. ಬಾಯಿ ತೆಗೆ ಎಂದಳು ಅಕ್ಕ, ತೆಗೆದ, ವಸಡು ಗಟ್ಟಿಯಾಗಿತ್ತು. ಎಲಡಿಕೆಯ ಕೆಂಪು ಎಂದು ಹೇಳೋಣವೆಂದರೆ ಎಲಡಿಕೆ ಹಾಕುವುದಿಲ್ಲವೆಂದು ಗುಂಡ್ಲುಪೇಟೆಯಲ್ಲಿ ಪ್ರಮಾಣವಾಗಿಬಿಟ್ಟಿತ್ತು.

“ನಾಳಿಕ್ಕೆ ನಗರಕ್ಕೆ ಓಗನ,” ಎಂದಳು ಗುರುಮಲ್ಲಮ್ಮ.

“ಪಾಲಿಶ್ ಮುಗೀಲಿ ಅಕ್ಕ.”

“ನಾಳಿಕ್ಕೆ ಓಗನ ಅಂದೆ ಕಣ್ಲಾ.”

ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಎದೆ ಡಾಕ್ಟರು ಮಾನಸ ಎಂಬ ಹೆಂಗಸು, ಕೊಳ್ಳೇಗಾಲದ ಕಡೆಯವರು, ಮೂವತ್ತೈದರ ಆಸುಪಾಸು. ಯಾರು ಮಾತಾಡಿದರೂ ಪೂರ್ತಿ ಕೇಳುವ ದುರಭ್ಯಾಸ ಇದ್ದುದರಿಂದ ಅವರ ಬಾಗಿಲಲ್ಲಿ ಸಾಲು ಯಾವಾಗಲೂ ಉದ್ದ. ಅಕ್ಕ ತಮ್ಮ ಇಬ್ಬರೂ ಒಳಗೆ ಹೋಗಿ ಕುಳಿತರು.

“ಹೇಳಿ ಯಜಮಾನ್ರೆ, ಕೆಮ್ಮು ಎಷ್ಟು ದಿನದಿಂದ?”

“ಈಗೀಗ ತಾಯಿ. ಅರಿಶಿನದ ಧೂಳು.”

“ದಸರಾದಿಂದ,” ಎಂದಳು ಗುರುಮಲ್ಲಮ್ಮ. “ಕಫದಾಗೆ ರಕ್ತಾನೂ ಬತ್ತದೆ. ಮುಂಚಿಂದು ಬ್ಯಾರೆ ಕೆಮ್ಮು ಕಣವ್ವ. ಇದು ಬ್ಯಾರೆ.”

ಮಾನಸ ಪೆನ್ನು ಕೆಳಗಿಟ್ಟರು. “ಹೇಗೆ ಬೇರೆ ಅಜ್ಜಿ?”

ಹೇಗೆ ಎಂದರೆ ಏನು ಹೇಳುವುದು. ಗುರುಮಲ್ಲಮ್ಮ ನೆಟ್ಟಗೆ ಕುಳಿತು, ಸೆರಗು ಸರಿಮಾಡಿಕೊಂಡು, ಮೊದಲು ಹಳೆಯದನ್ನು ಕೆಮ್ಮಿ ತೋರಿಸಿದಳು: ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಆ ಮುದ್ದೆ ತಿರುವುವ ಸದ್ದು. ಆಮೇಲೆ ಹೊಸದನ್ನು: ಡಬ್ಬಿ, ಡಬ್ಬಿ, ಡಬ್ಬಿ. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಬಾಗಿಲಲ್ಲಿದ್ದ ನರ್ಸಮ್ಮ ಓಡಿಬಂದು ಅವಳ ಮುಖಕ್ಕೆ ಮಾಸ್ಕ್ ಕಟ್ಟಿಬಿಟ್ಟಳು.

“ಪೇಶೆಂಟ್ ಇವರಲ್ಲ ಸಿಸ್ಟರ್,” ಎಂದರು ಮಾನಸ, ನಗದೆ. “ಅಜ್ಜಿ, ಆ ಮೊದಲನೇದು ಇನ್ನೊಂದು ಸಲ ಕೆಮ್ಮಿ.”

ಮಾಸ್ಕ್ ತೆಗೆದು ಮತ್ತೆ ಕೆಮ್ಮಿದಳು.

“ಇದು ಎಷ್ಟು ವರ್ಷದಿಂದ ಇತ್ತು?”

“ಮೀಸೆ ಬಂದಾಗಿಂದ.”

ಮಾನಸ ಈಗ ತಮ್ಮನ ಕಡೆ ತಿರುಗಿದರು. “ಬೀಡಿ ಸೇದ್ತೀರಾ?”

“ಇಲ್ಲ,” ಎಂದರು ಅಕ್ಕ ತಮ್ಮ ಇಬ್ಬರೂ ಒಂದೇ ಉಸಿರಿಗೆ, ಮಗ್ಗಿ ಒಪ್ಪಿಸಿದ ಹಾಗೆ.

ಡಾಕ್ಟರು ಅವನ ಎರಡೂ ತೋರುಬೆರಳನ್ನು ಮಡಚಿಸಿ, ಉಗುರಿಗೆ ಉಗುರು ಬೆನ್ನು ತಾಗುವ ಹಾಗೆ ಜೋಡಿಸಿ ಹಿಡಿಯಲು ಹೇಳಿದರು. ಬೆರಳ ತುದಿಗಳು ಉಬ್ಬಿ, ಉಗುರು ಸೌಟಿನ ಬೆನ್ನಿನ ಹಾಗೆ ಡೊಂಕಾಗಿದ್ದವು. ಅಕ್ಕನಿಗೂ ಹಾಗೇ ಹಿಡಿಯಲು ಹೇಳಿದರು. ಗುರುಮಲ್ಲಮ್ಮನ ಎರಡು ಉಗುರುಗಳ ಬುಡದ ನಡುವೆ ಎಳ್ಳಿನ ಕಾಳಿನಂಥ ಒಂದು ಕಿಂಡಿಯಿಂದ ಬೆಳಕು ಬಂತು. ತಮ್ಮನ ಉಗುರುಗಳ ನಡುವೆ ಬೆಳಕು ಬರಲಿಲ್ಲ.

“ಅದೇನವ್ವ ಅದು?”

“ಉಗುರು ಹೀಗಾದ್ರೆ ಎದೆ ಒಳಗೆ ಒಂದ್ಸಲ ನೋಡ್ಬೇಕು ಅಜ್ಜಿ. ಫೋಟೋ ತೆಗೆಸ್ಕೊಂಡು ಬನ್ನಿ.”

ತೆಗೆಸಿಕೊಂಡು ಬಂದರು. ಗಣಕದ ಪರದೆಯ ಮೇಲೆ ಪುಟ್ಟಮಾದಯ್ಯನ ಪಕ್ಕೆಲುಬುಗಳು ಬಿದಿರುತಟ್ಟಿಯ ಹಾಗೆ ಕಂಡವು. ಬಲಗಡೆ ಮೇಲೆ, ತಟ್ಟಿಯ ಹಿಂದೆ ಯಾರೋ ಅವಿತುಕೊಂಡ ಹಾಗೆ ಒಂದು ಬಿಳೀ ಮಚ್ಚೆ. ಮಾನಸ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಅಜ್ಜಿ, ಒಂದು ಸ್ವಲ್ಪ ಹೊರಗೆ ಇರ್ತೀರಾ, ಇವರನ್ನ ಪರೀಕ್ಷೆ ಮಾಡ್ಬೇಕು” ಎಂದರು.

ಹೊರಗೆ ಎಂದರೆ ಹಸಿರು ಪರದೆಯ ಆಚೆ. ಪರದೆ ನೆಲದಿಂದ ಒಂದು ಗೇಣು ಮೇಲಿತ್ತು. ಅದರ ಕೆಳಗೆ ಗುರುಮಲ್ಲಮ್ಮನ ಪಾದಗಳೂ ಬೆಳ್ಳಿಯ ಕಾಲುಂಗುರವಿಲ್ಲದ ಬೆರಳುಗಳೂ ಒಳಗಿನವರಿಗೆ ಕಾಣುತ್ತಿದ್ದವು. ಒಳಗಿನ ಮಾತು ಕೇಳಿಸಿಕೊಳ್ಳಲು ಅವಳ ಕಿವಿಗೆ ಪರದೆ ಯಾವ ಲೆಕ್ಕ.

“ಯಜಮಾನ್ರೆ, ಈಗ ಅಕ್ಕ ಇಲ್ಲ. ನಿಜ ಹೇಳಿ. ಈ ಮಚ್ಚೆ ಎರಡು ಥರ ಇರಬಹುದು. ಒಂದು, ಕ್ಷಯ. ನಮ್ಮ ಕಡೆ ಅದೇ ಜಾಸ್ತಿ, ಕಫದಲ್ಲಿ ಒಂದ್ಸಲ ಸಿಗದೆ ಇದ್ರೂ ಇರಬಹುದು. ಹಾಗಿದ್ರೆ ಕಫ ಇನ್ನೊಂದ್ಸಲ ಕಳಿಸಿ, ಔಷಧಿ ಕೊಟ್ಟು, ಒಂದು ತಿಂಗಳು ಕಾದು ನೋಡಬಹುದು. ಇನ್ನೊಂದು ಗಡ್ಡೆ. ಅದಾಗಿದ್ರೆ ಕಾಯೋ ಹಾಗಿಲ್ಲ, ಈ ವಾರವೇ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸ್ಬೇಕು. ಫೋಟೋ ಅರ್ಧ ಹೇಳುತ್ತೆ. ಉಳಿದರ್ಧ ನೀವು ಹೇಳ್ಬೇಕು. ಬೀಡಿ ಸೇದ್ತಿದ್ರಾ?”



“ಇಲ್ಲ ತಾಯಿ,” ಎಂದ ಪುಟ್ಟಮಾದಯ್ಯ, ನೆಲದ ಕಡೆ, ಎರಡು ಪಾದಗಳ ಕಡೆ ನೋಡುತ್ತಾ. “ಮಾತ್ರೆನೇ ಕೊಟ್ಬುಡಿ. ಒಂದ್ ತಿಂಗ್ಳು ನೋಡನ. ಮೈಸೂರು ಗೀಸೂರು ಈಗ ಆಗಲ್ಲ, ಮನೇಲಿ ಅರಿಶಿನ ಬಿದ್ದದೆ.”

ಪರದೆಯ ಆಚೆ ನಿಂತಿದ್ದ ಗುರುಮಲ್ಲಮ್ಮನಿಗೆ ಆ ‘ಇಲ್ಲ’ ಎದೆಗೆ ಬಂದು ನಿಂತಿತು. ಎಷ್ಟು ಗಟ್ಟಿಯಾಗಿ ಹೇಳಿದ. ತಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕುಳಿತರೂ ಇವನು ಇಲ್ಲ ಎನ್ನುತ್ತಾನೆ, ಗೋಪಾಲಸ್ವಾಮಿ ಬೆಟ್ಟದ ತುದಿಗೆ ಹೋಗಿ ನಿಂತರೂ ಇಲ್ಲ ಎನ್ನುತ್ತಾನೆ. ತಾನಿರುವ ತನಕ ಇವನ ಬಾಯಲ್ಲಿ ಅದು ಬರುವುದಿಲ್ಲ. ಅಷ್ಟು ಚೆನ್ನಾಗಿ ಸಾಕಿದ್ದಳು. ಅವಳ ಮರ್ಯಾದೆಯನ್ನು ಉಳಿಸಲು ಅವನು ಮೈಯೊಳಗಿನ ಗಡ್ಡೆಯನ್ನೂ ಒಂದು ತಿಂಗಳು ಮುಚ್ಚಿಟ್ಟುಕೊಳ್ಳುತ್ತಾನೆ, ಜೇಬಿನೊಳಗಿನ ಬೆಂಕಿಯನ್ನು ಮುಚ್ಚಿಟ್ಟ ಹಾಗೆ.

ನುಗ್ಗಿ ಹೋಗಿ ‘ಸೇದ್ತನೆ’ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಅವನು ಅವಳ ಮುಖವನ್ನು ಮತ್ತೆ ಹೇಗೆ ನೋಡುತ್ತಾನೆ ಎಂದು ಯೋಚಿಸಿದಳು. ನಾಳೆ ಬೆಳಿಗ್ಗೆ ಕಾಫಿಗೆ ಬರುತ್ತಾನೋ ಇಲ್ಲವೋ. ಬಂದರೂ ಸಿಕ್ಕಿಬಿದ್ದವನ ಹಾಗೆ ಕುಳಿತು ಕುಡಿದು ಹೋಗುತ್ತಾನೆ.

ಪರದೆ ಸರಿಸಿ ಒಳಗೆ ಬಂದಳು. ತಮ್ಮನ ಕಡೆ ನೋಡದೆ ಸ್ಟೂಲಿನ ಮೇಲೆ ಕುಳಿತಳು.

“ಡಾಕ್ಟ್ರಮ್ಮ, ಒಂದು ಮಾತು. ಇವನ ವಿಚಾರ ಅಲ್ಲ. ನಮ್ ಹಿತ್ತಲಾಗೆ ಒಬ್ಬ ಬಂದು ಬೀಡಿ ಸೇದ್ತನೆ.”

ಪುಟ್ಟಮಾದಯ್ಯನ ಕಿವಿ ಕೆಂಪಾದದ್ದು ನರ್ಸಮ್ಮನಿಗೂ ಕಂಡಿತು.

ಮಾನಸ ಒಂದು ಕ್ಷಣ ಅವಳನ್ನೇ ನೋಡಿ, ಪೆನ್ನು ತೆಗೆದುಕೊಂಡರು. “ಹೌದಾ ಅಜ್ಜಿ. ಯಾರವನು?”

“ಯಾರೋ ಏನೋ. ನಂಗೆ ಒಂದ್ ಕಣ್ಣು ಕಾಣಲ್ಲ. ಹುಣಸೆಮರದ ಹಿಂದೆ ಕೂರ್ತನೆ. ಮೂಗಿಗೆ ವಾಸನೆ ಬತ್ತದೆ.”

“ಬಹಳ ವರ್ಷದಿಂದ ಬರ್ತಾನಾ?”

“ಇವನಿಗೆ ಮೀಸೆ ಬರೋ ಹೊತ್ಗೆ ಅವನೂ ಬಂದ. ಅವತ್ತಿಂದ ಒಂದ್ ದಿನ ತಪ್ಪಿಸ್ಕೊಂಡೋನಲ್ಲ. ನಮ್ಮಪ್ಪ ಸತ್ತ ದಿನಾನೂ ಬಂದಿದ್ದ ಪಾಪ, ಎರಡು ಸಲ.”

“ದಿನಕ್ಕೆ ಎಷ್ಟು ಸೇದಬಹುದು, ಅಂದಾಜು?”

“ಒಂದ್ ಕಟ್ಟು. ಬೆಳಿಗ್ಗೆ ಎಮ್ಮೆ ಕರಿಯಕ್ಕೆ ಮುಂಚೆ ಒಂದ್ ಸಲ ಬತ್ತನೆ. ಊಟ ಆದ್ಮೇಲೆ ಬತ್ತನೆ. ರೇಡಿಯೋದಲ್ಲಿ ವಾರ್ತೆ ಬರೋವಾಗ ಒಂದ್ ಸಲ. ಒಂದ್ ಕಟ್ಟಿಗಿಂತ ಹೆಚ್ಚು ಸೇದೋನಲ್ಲ. ಒಳ್ಳೆ ಮನ್ಸ ಅವನು.”

ಮಾನಸ ಬರೆದುಕೊಂಡರು.

“ಎರಡು,” ಎಂದ ಪುಟ್ಟಮಾದಯ್ಯ.

ಇಬ್ಬರು ಹೆಂಗಸರೂ ತಿರುಗಿದರು. ಅವನು ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೇಳುತ್ತಿದ್ದ.

“ಒಂದಲ್ಲ ತಾಯಿ, ಎರಡು ಕಟ್ಟು ಸೇದ್ತನೆ ಅವನು. ಗದ್ದೆ ತಾವೂ ಸೇದ್ತನೆ, ಅಕ್ಕನಿಗೆ ಅದು ಗೊತ್ತಿಲ್ಲ. ಹದಿನೆಂಟು ವರ್ಷಕ್ಕೆ ಸುರು ಮಾಡ್ದ. ಒಂದ್ ಸಲ ಬುಟ್ಟಿದ್ದ, ಮದ್ವೆ ಆದಾಗ. ಹತ್ತು ದಿನ.”

“ಕಫದಲ್ಲಿ ರಕ್ತ ಅವನಿಗೆ ಯಾವಾಗಿಂದ ಬರ್ತಿದೆ?”

“ಸಂಕ್ರಾಂತಿಯಿಂದ. ದಿನಾ ಅಲ್ಲ.”

“ಊಟ?”

“ಸೇರಲ್ಲ. ಮುದ್ದೆ ಅರ್ಧಕ್ಕೆ ಬುಟ್ಬುಡ್ತನೆ, ಉಳಿದಿದ್ದ ನಾಯಿಗೆ ಹಾಕ್ತನೆ. ಹೆಂಡ್ರಿಗೆ ಗೊತ್ತಾಗಬಾರ್ದು ಅಂತ.”

“ಬೇರೆ ಏನಾದ್ರೂ?”

“ಮೆಟ್ಲು ಹತ್ತುವಾಗ ಉಸಿರು ಕಟ್ತದೆ. ಅಷ್ಟೇ.”

ಮಾನಸ ಬರೆಯುವುದನ್ನು ಮುಗಿಸಿ ಚೀಟಿಯನ್ನು ತಿರುಗಿಸಿಟ್ಟರು. “ಆ ಹಿತ್ತಲಿನವನು ನಾಳಿದ್ದು ಗುರುವಾರ ಮೈಸೂರಲ್ಲಿ ಇರಬೇಕು,” ಎಂದರು. “ಗಡ್ಡೆ ಅಂತ ನನಗೆ ಅನುಮಾನ. ಸ್ಕ್ಯಾನ್ ಆದ್ಮೇಲೆ, ಅದರಿಂದ ಒಂದು ಚೂರು ತೆಗೆದು ನೋಡಿದ ಮೇಲೆ ಗೊತ್ತಾಗುತ್ತೆ. ಕ್ಯಾನ್ಸರೇ ಆಗಿದ್ರೂ ಬೇಗ ಸಿಕ್ಕಿದ್ರೆ ತೆಗೆದುಹಾಕೋಕೆ ಆಗುತ್ತೆ. ನಾನು ಫೋನ್ ಮಾಡಿ ಹೇಳಿರ್ತೀನಿ. ಅರಿಶಿನ ಯಾರಾದ್ರೂ ನೋಡ್ಕೋತಾರಾ?”

“ಅರಿಶಿನ ನಾನ್ ನೋಡ್ಕೊತಿನಿ,” ಎಂದಳು ಗುರುಮಲ್ಲಮ್ಮ. “ಅದ್ಕೇನು ಕಾಲ್ ಬಂದು ಓಡೋಯ್ತದಾ.”

ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿಗೆ ಆಟೋದಲ್ಲಿ ಬಂದರು. ಹರವೆಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತರು. ಮಧ್ಯೆ ಎಕ್ಸ್‌ರೇ ಲಕೋಟೆ. ಪಕ್ಕದಲ್ಲಿ ಪುಣಜನೂರಿಗೆ ಹೋಗುವ ಹೆಂಗಸೊಬ್ಬಳು ತಮಿಳಿನಲ್ಲಿ ಒಂದು, ಕನ್ನಡದಲ್ಲಿ ಒಂದು ಬೈಗುಳ ಹಾಕಿ ಮೊಮ್ಮಗನನ್ನು ಎಳೆದುಕೊಂಡು ಹೋದಳು. ಗುರುಮಲ್ಲಮ್ಮ ಎರಡು ಬನ್ನು ತಂದಳು. ಅವನು ಅರ್ಧ ತಿಂದು ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡ. ಹಾಕಲು ನಾಯಿ ಯಾವುದೂ ಹತ್ತಿರದಲ್ಲಿರಲಿಲ್ಲ.

“ಅಕ್ಕ,” ಎಂದ ಕೊನೆಗೆ.

“ಏನ್ಲಾ?”

“ಅವನ ವಿಚಾರ ನಿಂಗೆ ಯಾವಾಗ ಗೊತ್ತಾಯ್ತು?”

“ಯಾರ ವಿಚಾರ?”

“ಅದೇ. ಹಿತ್ತಲಿನೋನು.”

“ಓ, ಅವನಾ.” ಗುರುಮಲ್ಲಮ್ಮ ಬನ್ನಿನ ಸಕ್ಕರೆ ಪುಡಿಯನ್ನು ಸೀರೆಯಿಂದ ಕೊಡವಿದಳು. “ನಾನೆಲ್ಲಿ ನೋಡಿದಿನಿ ಅವನ್ನ. ಮುಖ ಕೂಡ ಗೊತ್ತಿಲ್ಲ. ಮರ್ಯಾದಸ್ಥ, ಯಾವತ್ತೂ ನನ್ ಕಣ್ಣಿಗೆ ಬಿದ್ದೋನಲ್ಲ.”

ಅವನು ತಲೆ ತಗ್ಗಿಸಿದ. ಅವಳು ಬಸ್ಸು ಬರುವ ದಿಕ್ಕಿಗೆ ತಿರುಗಿ ಕುಳಿತಳು, ಅವನಿಗೆ ಕಣ್ಣೊರೆಸಿಕೊಳ್ಳಲು ಬೇಕಾದಷ್ಟು ಹೊತ್ತು. ಆಮೇಲೆ ಹಾಗೇ ತಿರುಗಿಕೊಂಡೇ ಹೇಳಿದಳು:

“ನೀನು ಅವನಿಗೆ ಸಿಕ್ಕುದ್ರೆ ಒಂದ್ ಮಾತು ಯೋಳ್ಬುಡು. ಇನ್ಮೇಲೆ ಸೇದ್ಬೇಡ ಅಂದರು ಅಂತ.”

“ಯಾರಂದರು ಅಂತ ಯೋಳ್ಲಿ?”

“ಡಾಕ್ಟ್ರು ಅಂದರು ಅನ್ನು. ನನ್ ಹೆಸರು ಯಾಕೆ. ಅವನಿಗೆ ನಾಚ್ಕೆ ಆಯ್ತದೆ.”

“ಆಯ್ತಕ್ಕ.”

“ಕೇಳ್ತನಾ?”

ಪುಟ್ಟಮಾದಯ್ಯ ಯೋಚಿಸಿದ. ಹುಡುಗಾಟಕ್ಕೆ ಹೇಳುವ ಮಾತಲ್ಲ ಎಂಬಂತೆ ಯೋಚಿಸಿದ.

“ಕಷ್ಟ ಆಯ್ತದೆ ಅವನಿಗೆ,” ಎಂದ. “ಮೂರ್ ದಿನ ತಲೆ ಕೆಡ್ತದೆ. ಹೆಂಡ್ರ ಮೇಲೆ ರೇಗ್ತನೆ.”

“ರೇಗ್ಲಿ ಬುಡು. ಕುಮಾರಿ ತಡ್ಕೊತಾಳೆ. ತಡಿಯಕಾಗಲ್ಲ ಅಂದ್ರೆ ನನ್ ಮನೆಗೆ ಬಂದು ಕೂತ್ಕೊ ಅನ್ನು. ಕಾಫಿ ಕೊಡ್ತಿನಿ.”

ಬಸ್ಸು ಬಂತು. ಅವನು ಅವಳ ಕೈ ಹಿಡಿದು ಹತ್ತಿಸಿದ. ಮೆಟ್ಟಿಲ ಮೇಲೆ ಅವನಿಗೇ ಉಸಿರು ಕಟ್ಟಿದ್ದರಿಂದ ಅವಳು ಅವನನ್ನು ಎಳೆದುಕೊಂಡಳು. ಯಾರು ಯಾರನ್ನು ಹತ್ತಿಸಿದರು ಎಂಬುದು ಕಂಡಕ್ಟರಿಗೆ ತಿಳಿಯಲಿಲ್ಲ. ಅವನು ಎರಡು ಟಿಕೆ‌ಟನ್ನು ಸುಮ್ಮನೆ ಹರಿದುಕೊಟ್ಟ.

ಗುರುವಾರ ಪುಟ್ಟಮಾದಯ್ಯ ಮೈಸೂರಿಗೆ ಹೋದ. ಜೊತೆಗೆ ಕುಮಾರಿ ಹೋದಳು. ಅಕ್ಕ ಹೋಗಲಿಲ್ಲ, ಅರಿಶಿನ ನೋಡಿಕೊಳ್ಳಬೇಕು ಎಂದಳು. ಅಲ್ಲಿನ ಡಾಕ್ಟರು ಕೇಳಿದ್ದಕ್ಕೆಲ್ಲ ಅವನು ತಡೆಯಿಲ್ಲದೆ ಉತ್ತರ ಕೊಟ್ಟನೆಂದೂ, ತಾನು ಬಾಯಿ ತೆರೆಯಬೇಕಾಗಿ ಬರಲಿಲ್ಲವೆಂದೂ ಕುಮಾರಿ ಫೋನಿನಲ್ಲಿ ಹೇಳಿದಳು.

ಕ್ಯಾನ್ಸರ್ ಎಂದು ಬಂತು. ಬೇರೆ ಕಡೆಗೆ ಹರಡಿರಲಿಲ್ಲ. ಯುಗಾದಿ ಕಳೆದು ಎರಡು ವಾರಕ್ಕೆ ಆಪರೇಷನ್ ಮಾಡಿ ಬಲ ಶ್ವಾಸಕೋಶದ ಮೇಲಿನ ಭಾಗವನ್ನು ತೆಗೆದರು. ಆಮೇಲೆ ನಾಲ್ಕು ಸಲ ಔಷಧಿ ಏರಿಸಿದರು. ಪುಟ್ಟಮಾದಯ್ಯ ಬೀಡಿ ಬಿಟ್ಟ. ಈಗ ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ತೋರಿಸಿಕೊಂಡು ಬರುತ್ತಾನೆ.